ಹಗ್ಗ ತುಂಡಾದರೂ ಬೀಳದ ಲಿಫ್ಟ್: ಎಲಿಷಾ ಓಟಿಸ್

ಮಕ್ಕಳೇ, ಬಾವಿಯಿಂದ ನೀರು ಸೇದುವುದನ್ನು ನೀವು ನೋಡಿರಬಹುದು. ರಾಟೆಯ ಮೇಲೆ ಹಗ್ಗ ಓಡುತ್ತದೆ, ತುಂಬಿದ ಬಿಂದಿಗೆ ಮೇಲೆ ಬರುತ್ತದೆ. ದಿನವೂ ರಾಟೆಗೆ ಉಜ್ಜಿ ಉಜ್ಜಿ ಹಗ್ಗದ ಎಳೆಗಳು ಸವೆಯುತ್ತವೆ. ಒಂದು ದಿನ ಹಗ್ಗ ಪಟ್ಟನೆ ಕಿತ್ತುಹೋಗುತ್ತದೆ. ಬಿಂದಿಗೆ ಬಾವಿಯ ತಳ ಸೇರುತ್ತದೆ. ಬಿಂದಿಗೆ ಹೋದರೆ ಪಾತಾಳಗರಡಿ ಹಾಕಿ ಮೇಲೆತ್ತಬಹುದು. ಆದರೆ ಆ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಮನುಷ್ಯರೇ ನಿಂತಿದ್ದರೆ?

ಸುಮಾರು 170 ವರ್ಷಗಳ ಹಿಂದೆ ಕಾರ್ಖಾನೆಗಳಲ್ಲಿ ಇಂತಹ ಅಪಾಯ ನಿಜವಾಗಿಯೂ ಇತ್ತು. ಹಗ್ಗ ತುಂಡಾದಾಗಲೆಲ್ಲ ಹೊಸ ಹಗ್ಗ ಕಟ್ಟಿ ಕೆಲಸ ಮುಂದುವರಿಸುತ್ತಿದ್ದರು. ಹಾಗೆ ಮತ್ತೆ ಮತ್ತೆ ದುರಸ್ತಿ ಮಾಡುವುದರ ಬದಲು ವ್ಯವಸ್ಥೆಯನ್ನೇ ಬದಲಿಸಬೇಕು ಎಂದು ಯೋಚಿಸಿದವರು ಎಲಿಷಾ ಗ್ರೇವ್ಸ್ ಓಟಿಸ್. ಇಂದು ಆಸ್ಪತ್ರೆ, ಕಚೇರಿ, ರೈಲು ನಿಲ್ದಾಣಗಳಲ್ಲಿ ನಾವು ಹೆದರದೆ ಲಿಫ್ಟ್ ಹತ್ತುವುದಕ್ಕೆ ಅವರ ಆ ಯೋಚನೆಯೇ ಅಡಿಪಾಯ.

ಬಾಲ್ಯ ಮತ್ತು ಅಲೆದಾಟ

ಓಟಿಸ್ ಹುಟ್ಟಿದ್ದು 1811ರ ಆಗಸ್ಟ್ 3ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಹ್ಯಾಲಿಫ್ಯಾಕ್ಸ್ ಎಂಬ ಊರಿನಲ್ಲಿ. ಅವರದು ರೈತ ಕುಟುಂಬ. ಹೊಲದ ಕೆಲಸಕ್ಕಿಂತ ಉಪಕರಣಗಳ ಮೇಲೆಯೇ ಅವರಿಗೆ ಹೆಚ್ಚು ಆಸಕ್ತಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣಕ್ಕೆ ಹೋದರು. ಅಲ್ಲಿ ಸರಕು ಸಾಗಿಸುವ ಗಾಡಿ ಹೊಡೆಯುವ ಕೆಲಸವನ್ನೂ ಮಾಡಿದರು. 1834ರಲ್ಲಿ ಮದುವೆಯಾಯಿತು. ಚಾರ್ಲ್ಸ್ ಮತ್ತು ನಾರ್ಟನ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಓಟಿಸ್ ಅವರ ಆರೋಗ್ಯ ಗಟ್ಟಿಯಾಗಿರಲಿಲ್ಲ. ಒಮ್ಮೆ ನ್ಯುಮೋನಿಯಾ ಬಂದು ಸಾವಿನ ಅಂಚಿನವರೆಗೆ ಹೋಗಿ ಬದುಕಿದರು. ನಂತರ ವರ್ಮಾಂಟಿಗೆ ಮರಳಿ ಹೊಳೆಯ ದಡದಲ್ಲಿ ಒಂದು ಹಿಟ್ಟಿನ ಗಿರಣಿ ಕಟ್ಟಿದರು. ಹೆಚ್ಚು ಗಿರಾಕಿಗಳು ಬರಲಿಲ್ಲ. ಅದನ್ನೇ ಮರ ಕೊಯ್ಯುವ ಮಿಲ್ಲಾಗಿ ಮಾರ್ಪಡಿಸಿದರು. ಅದರಲ್ಲೂ ಲಾಭವಾಗಲಿಲ್ಲ. ಆಗ ಕುದುರೆಗಾಡಿಗಳನ್ನು ತಯಾರಿಸತೊಡಗಿದರು. ಈ ಕೆಲಸ ಅವರ ಕೈಗೆ ಚೆನ್ನಾಗಿ ಒಗ್ಗಿತು. ಗಾಡಿಯ ಕೆಳಗಿನ ಉಕ್ಕಿನ ಸ್ಪ್ರಿಂಗ್ ಭಾರ ಬಿದ್ದಾಗ ಹೇಗೆ ಬಾಗುತ್ತದೆ, ಭಾರ ಇಳಿದಾಗ ಹೇಗೆ ಮತ್ತೆ ನೆಟ್ಟಗಾಗುತ್ತದೆ ಎಂಬುದು ಅವರಿಗೆ ದಿನನಿತ್ಯದ ಅನುಭವವಾಯಿತು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ದೊಡ್ಡ ಪಾತ್ರ ವಹಿಸುತ್ತದೆ.

ಅಷ್ಟರಲ್ಲಿ ಮಡದಿ ತೀರಿಕೊಂಡರು. ಇಬ್ಬರು ಚಿಕ್ಕ ಮಕ್ಕಳ ಹೊಣೆ ತಂದೆಯ ಮೇಲೆ ಬಿತ್ತು. ಕೆಲವು ವರ್ಷಗಳ ನಂತರ ಅವರು ಮರುಮದುವೆಯಾಗಿ ಆಲ್ಬನಿ ನಗರಕ್ಕೆ ಬಂದರು. ಮಂಚ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಂಚದ ಉದ್ದ ಪಟ್ಟಿಗಳನ್ನು ಕೈಯಿಂದ ತಯಾರಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಓಟಿಸ್ ಅದಕ್ಕೊಂದು ಯಂತ್ರ ರೂಪಿಸಿದರು. ಕೆಲಸದ ವೇಗ ಸುಮಾರು ನಾಲ್ಕು ಪಟ್ಟು ಹೆಚ್ಚಿತು. ಸಂತೋಷಗೊಂಡ ಮಾಲೀಕರು ಅವರಿಗೆ ಬಹುಮಾನವಾಗಿ ಹಣ ಕೊಟ್ಟರು.

ಆ ಹಣದಿಂದ ಓಟಿಸ್ ಸ್ವಂತ ಕಾರ್ಯಾಗಾರ ತೆರೆದರು. ಅಲ್ಲಿನ ಯಂತ್ರಗಳು ಹತ್ತಿರದ ತೊರೆಯ ನೀರಿನ ಬಲದಿಂದ ತಿರುಗುತ್ತಿದ್ದವು. ಆದರೆ ಆಲ್ಬನಿ ನಗರಕ್ಕೆ ಕುಡಿಯುವ ನೀರು ಬೇಕಾಯಿತು. ಆಡಳಿತದವರು ತೊರೆಯ ನೀರನ್ನು ನಗರದತ್ತ ತಿರುಗಿಸಿದರು. ನೀರಿಲ್ಲದೆ ಯಂತ್ರಗಳು ನಿಂತವು, ಕಾರ್ಯಾಗಾರವೂ ಮುಚ್ಚಿತು. ಸುಮಾರು ನಲವತ್ತು ವರ್ಷದ ಓಟಿಸ್ ಮತ್ತೆ ಬೇರೆಯವರ ಬಳಿ ಕೆಲಸ ಹುಡುಕಬೇಕಾಯಿತು.

ಯಾಂಕರ್ಸ್‌ನ ಕಾರ್ಖಾನೆಯಲ್ಲಿ

1852ರಲ್ಲಿ ಓಟಿಸ್ ನ್ಯೂಯಾರ್ಕ್ ಸಮೀಪದ ಯಾಂಕರ್ಸ್ ಎಂಬ ಊರಿನಲ್ಲಿದ್ದರು. ಹಳೆಯ ಮರದ ಮಿಲ್ಲೊಂದನ್ನು ಮಂಚದ ಕಾರ್ಖಾನೆಯಾಗಿ ಮಾರ್ಪಡಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಭಾರವಾದ ಸಾಮಾನುಗಳನ್ನು ಮೇಲಿನ ಮಹಡಿಗೆ ಸಾಗಿಸಬೇಕಿತ್ತು. ಅದಕ್ಕಾಗಿ ಆ ಕಾಲದಲ್ಲಿ ಹಗ್ಗಕ್ಕೆ ಕಟ್ಟಿದ ಮರದ ವೇದಿಕೆಯನ್ನು ಬಳಸುತ್ತಿದ್ದರು. ಯಂತ್ರದಿಂದ ಹಗ್ಗವನ್ನು ಸುತ್ತಿದರೆ ವೇದಿಕೆ ಮೇಲೇರುತ್ತಿತ್ತು, ಬಿಚ್ಚಿದರೆ ಇಳಿಯುತ್ತಿತ್ತು.

ಭಾರ ಎತ್ತುವ ಇಂತಹ ಸಾಧನಗಳು ಹೊಸವೇನಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯ ಹಗ್ಗ, ರಾಟೆಗಳನ್ನು ಬಳಸುತ್ತಿದ್ದಾನೆ. ಆದರೆ ಇವುಗಳಲ್ಲಿ ಒಂದು ದೋಷವಿತ್ತು. ವೇದಿಕೆಯ ಪೂರ್ತಿ ಭಾರವನ್ನು ಹೊರುವುದು ಹಗ್ಗ ಮಾತ್ರ. ಹಗ್ಗ ಹೋದರೆ ವೇದಿಕೆಯನ್ನು ಹಿಡಿಯಲು ಬೇರೇನೂ ಇರಲಿಲ್ಲ. ಮೇಲಿದ್ದ ಸಾಮಾನು ಪುಡಿಯಾಗುತ್ತಿತ್ತು. ಜೊತೆಗೆ ನಿಂತಿದ್ದ ಕೆಲಸಗಾರರು ಗಾಯಗೊಳ್ಳುತ್ತಿದ್ದರು, ಕೆಲವರು ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು.

ಇದಕ್ಕೆ ಸಾಮಾನ್ಯವಾಗಿ ಹೊಳೆಯುವ ಪರಿಹಾರ ಇನ್ನಷ್ಟು ದಪ್ಪ ಹಗ್ಗ ಕಟ್ಟುವುದು. ಆದರೆ ಎಷ್ಟೇ ದಪ್ಪಗಿದ್ದರೂ ಹಗ್ಗ ಸವೆಯಲೇಬೇಕು. ಓಟಿಸ್ ಬೇರೆ ರೀತಿ ಯೋಚಿಸಿದರು. ಹಗ್ಗ ಎಂದಾದರೂ ಒಂದು ದಿನ ತುಂಡಾಗುತ್ತದೆ ಎಂದೇ ಒಪ್ಪಿಕೊಂಡರು. ತುಂಡಾದ ಆ ಕ್ಷಣದಲ್ಲಿ, ಯಾರೂ ಕೈ ಹಾಕದೆ, ವೇದಿಕೆ ತಾನಾಗಿಯೇ ನಿಲ್ಲುವಂತೆ ಮಾಡುವುದು ಹೇಗೆ? ಇದು ಅವರ ಪ್ರಶ್ನೆಯಾಯಿತು.

ಉತ್ತರ ಸಿಕ್ಕಿದ್ದು ಗಾಡಿಯ ಸ್ಪ್ರಿಂಗಿನಲ್ಲಿ.

ಅದು ಕೆಲಸ ಮಾಡುವುದು ಹೀಗೆ

ಲಾರಿಯ ಚಕ್ರಗಳ ಬಳಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಬಿಲ್ಲಿನಾಕಾರದ ಸ್ಪ್ರಿಂಗನ್ನು ನೀವು ನೋಡಿರಬಹುದು. ಅಂತಹುದೇ ಒಂದು ಸ್ಪ್ರಿಂಗನ್ನು ಓಟಿಸ್ ವೇದಿಕೆಯ ಮೇಲ್ಭಾಗದ ಚೌಕಟ್ಟಿಗೆ ಅಳವಡಿಸಿದರು. ಎತ್ತುವ ಹಗ್ಗವನ್ನು ಸ್ಪ್ರಿಂಗಿನ ನಡುವಿಗೆ ಕಟ್ಟಿದರು.

ವೇದಿಕೆಯ ಎರಡೂ ಪಕ್ಕಗಳಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬಗಳಿದ್ದವು. ಈ ಕಂಬಗಳಿಗೆ ಗರಗಸದ ಹಲ್ಲುಗಳಂತಹ ಹಲ್ಲುಗಳಿದ್ದ ಪಟ್ಟಿಗಳನ್ನು ಜೋಡಿಸಿದರು.

ಹಗ್ಗ ಗಟ್ಟಿಯಾಗಿರುವಾಗ ವೇದಿಕೆಯ ಭಾರದಿಂದ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿರುತ್ತದೆ. ಬಾಗಿದಾಗ ಅದರ ಎರಡು ತುದಿಗಳು ಒಳಕ್ಕೆ ಸರಿದಿರುತ್ತವೆ, ಹಲ್ಲುಗಳಿಗೆ ತಾಗುವುದಿಲ್ಲ. ವೇದಿಕೆ ಸರಾಗವಾಗಿ ಮೇಲೆ ಕೆಳಗೆ ಓಡಾಡುತ್ತದೆ. ಹಗ್ಗ ತುಂಡಾಯಿತು ಎನ್ನಿ. ಸ್ಪ್ರಿಂಗನ್ನು ಬಾಗಿಸಿದ್ದ ಎಳೆತ ಇಲ್ಲವಾಗುತ್ತದೆ. ಸ್ಪ್ರಿಂಗ್ ಥಟ್ಟನೆ ನೆಟ್ಟಗಾಗುತ್ತದೆ. ಅದರ ತುದಿಗಳು ಹೊರಕ್ಕೆ ಚಾಚಿ ಎರಡೂ ಕಡೆಯ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ವೇದಿಕೆ ಅಲ್ಲಿಯೇ ನಿಲ್ಲುತ್ತದೆ.

ಈ ಏರ್ಪಾಡಿನ ಜಾಣ್ಮೆ ಎಲ್ಲಿದೆ, ಗಮನಿಸಿ. ಬ್ರೇಕನ್ನು ಹಾಕಲು ಯಾರೂ ಬೇಕಿಲ್ಲ. ಹಗ್ಗ ಚೆನ್ನಾಗಿರುವವರೆಗೆ ಆ ಹಗ್ಗವೇ ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಹಗ್ಗ ಕೆಟ್ಟರೆ ಬ್ರೇಕ್ ತಾನಾಗಿ ಬೀಳುತ್ತದೆ. ಯಂತ್ರ ಕೆಟ್ಟರೂ ಮನುಷ್ಯನಿಗೆ ಅಪಾಯವಾಗದಂತೆ ಕೆಡಬೇಕು ಎಂಬ ಈ ತತ್ವವನ್ನು ಇಂದು ಎಂಜಿನಿಯರುಗಳು ಎಷ್ಟೋ ಕಡೆ ಬಳಸುತ್ತಾರೆ.

ಜನರ ಮುಂದೆ ಪರೀಕ್ಷೆ

1853ರಲ್ಲಿ ಓಟಿಸ್ ಲಿಫ್ಟ್ ತಯಾರಿಸಿ ಮಾರುವ ಸಣ್ಣ ಕಾರ್ಖಾನೆ ಆರಂಭಿಸಿದರು. ಪೀಠೋಪಕರಣ ತಯಾರಕರೊಬ್ಬರು ಮೊದಲಿಗೆ ಕೊಂಡರು. ಆಮೇಲೆ ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಹಗ್ಗ ತುಂಡಾದರೂ ಬೀಳುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರು ತಾನೇ ನಂಬುತ್ತಾರೆ?

ಆಗ ನ್ಯೂಯಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜು ಮತ್ತು ಕಬ್ಬಿಣದ ಭವ್ಯ ಕಟ್ಟಡದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. 1854ರಲ್ಲಿ ಓಟಿಸ್ ಅಲ್ಲಿ ತಮ್ಮ ಲಿಫ್ಟನ್ನು ನಿಲ್ಲಿಸಿದರು. ಸಾಮಾನು ತುಂಬಿದ ವೇದಿಕೆಯ ಮೇಲೆ ತಾವೇ ನಿಂತು, ಎಲ್ಲರಿಗೂ ಕಾಣುವಷ್ಟು ಎತ್ತರಕ್ಕೆ ಏರಿದರು. ನಂತರ, ವೇದಿಕೆಯನ್ನು ಹಿಡಿದಿದ್ದ ಹಗ್ಗವನ್ನು ಕತ್ತರಿಸುವಂತೆ ಸಹಾಯಕನಿಗೆ ಸೂಚಿಸಿದರು. ಹಗ್ಗ ತುಂಡಾಯಿತು. ನೋಡುತ್ತಿದ್ದವರ ಉಸಿರು ಬಿಗಿಹಿಡಿದಿತ್ತು. ವೇದಿಕೆ ಕೆಲವೇ ಅಂಗುಲ ಜಾರಿ ಗಟ್ಟಿಯಾಗಿ ನಿಂತಿತು. ಪ್ರಯೋಗವನ್ನು ಅವರು ಹಲವು ಬಾರಿ ಮಾಡಿ ತೋರಿಸಿದರು. ವಿಜ್ಞಾನದಲ್ಲಿ ಒಂದು ಸಲ ನಡೆದದ್ದು ಸಾಲದು, ಪ್ರತಿ ಸಲವೂ ಅದೇ ಫಲಿತಾಂಶ ಬರಬೇಕಲ್ಲವೇ?

ಅಲ್ಲಿಂದ ಬೇಡಿಕೆ ಹೆಚ್ಚತೊಡಗಿತು. ಮೊದಮೊದಲು ಕೊಂಡವರೆಲ್ಲ ಸರಕು ಸಾಗಿಸಲೆಂದೇ ಕೊಂಡರು. 1857ರ ಮಾರ್ಚ್ 23ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯ ಹಾವೌಟ್ ಎಂಬ ಅಂಗಡಿಯಲ್ಲಿ ಓಟಿಸ್ ಅವರ ಮೊದಲ ಪ್ರಯಾಣಿಕರ ಲಿಫ್ಟ್ ಕೆಲಸ ಆರಂಭಿಸಿತು. ಐದು ಮಹಡಿಗಳ ಆ ಅಂಗಡಿಯಲ್ಲಿ ಪಿಂಗಾಣಿ ಮತ್ತು ಗಾಜಿನ ಸಾಮಾನು ಮಾರುತ್ತಿದ್ದರು. ಲಿಫ್ಟ್ ಉಗಿಯಂತ್ರದ ಬಲದಿಂದ ನಿಮಿಷಕ್ಕೆ ಸುಮಾರು 12 ಮೀಟರ್ ಏರುತ್ತಿತ್ತು. ನೀವು ನಿಧಾನವಾಗಿ ನಡೆಯುವ ವೇಗವೂ ಇದಕ್ಕಿಂತ ಹೆಚ್ಚು! ಆ ಕಟ್ಟಡ ಇಂದಿಗೂ ನಿಂತಿದೆ.

ಕೊನೆಯ ದಿನಗಳು

ಓಟಿಸ್ ಅವರ ತಲೆಯಲ್ಲಿ ಸದಾ ಹೊಸ ಯೋಚನೆಗಳು. ರೈಲಿನ ಬ್ರೇಕ್, ಉಗಿಯಿಂದ ನಡೆಯುವ ನೇಗಿಲು, ಬ್ರೆಡ್ ಸುಡುವ ತಿರುಗುವ ಒಲೆ ಹೀಗೆ ಹಲವನ್ನು ರೂಪಿಸಿದರು. ಲಿಫ್ಟಿಗೆ ಉಗಿಯಂತ್ರವನ್ನು ಜೋಡಿಸುವ ಕ್ರಮವನ್ನೂ ಸುಧಾರಿಸಿದರು. 1861ರ ಜನವರಿ 15ರಂದು ಲಿಫ್ಟಿಗೆ ಪೇಟೆಂಟ್ ದೊರೆಯಿತು. ಪೇಟೆಂಟ್ ಎಂದರೆ ಹೊಸ ಸಾಧನವನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಅದು ಕೈಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಡಿಫ್ತೀರಿಯಾ ಎಂಬ ಗಂಟಲಮಾರಿ ರೋಗದಿಂದ 1861ರ ಏಪ್ರಿಲ್ 8ರಂದು ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಇಂದು ಆ ರೋಗಕ್ಕೆ ಲಸಿಕೆ ಇದೆ, ಚಿಕ್ಕ ಮಕ್ಕಳಿಗೆ ಆರೋಗ್ಯ ಕೇಂದ್ರಗಳಲ್ಲಿ ಹಾಕುತ್ತಾರೆ. ಆಗ ಇರಲಿಲ್ಲ.

ತಂದೆಯ ಜೊತೆಯಲ್ಲೇ ಕೆಲಸ ಕಲಿತಿದ್ದ ಚಾರ್ಲ್ಸ್ ಮತ್ತು ನಾರ್ಟನ್ ಕಾರ್ಖಾನೆಯನ್ನು ಮುಂದುವರಿಸಿದರು. 1889ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಓರೆಯಾದ ಕಾಲುಗಳೊಳಗೆ ಏರುವ ಲಿಫ್ಟ್‌ಗಳಲ್ಲಿ ಕೆಲವನ್ನು ತಯಾರಿಸಿದ್ದು ಅವರ ಕಂಪನಿಯೇ.

ಲಿಫ್ಟ್ ಬರುವ ಮೊದಲು ಕಟ್ಟಡಗಳು ಹೆಚ್ಚೆಂದರೆ ಐದಾರು ಮಹಡಿ ಇರುತ್ತಿದ್ದವು. ಅದಕ್ಕಿಂತ ಹೆಚ್ಚು ಮೆಟ್ಟಿಲು ಹತ್ತುವವರು ಯಾರು? ಮೇಲಿನ ಮಹಡಿಗೆ ಬಾಡಿಗೆ ಕಡಿಮೆ ಇರುತ್ತಿತ್ತು. ಲಿಫ್ಟ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಗಾಳಿ ಬೆಳಕು ಚೆನ್ನಾಗಿರುವ ಮೇಲಿನ ಮಹಡಿಗಳಿಗೇ ಬೆಲೆ ಹೆಚ್ಚಿತು. ಈಗ ದುಬೈನಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಇದೆ.

ನೆಲದ ಕೆಳಗೂ ಇಂತಹ ಪ್ರಯಾಣವಿದೆ. ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ನಡೆಯುತ್ತಿದ್ದಾಗ ಕಾರ್ಮಿಕರು ಉಕ್ಕಿನ ಹಗ್ಗಕ್ಕೆ ಜೋಡಿಸಿದ ಪಂಜರಗಳಲ್ಲಿ ನಿಂತು ಗಣಿಯ ಆಳಕ್ಕೆ ಇಳಿಯುತ್ತಿದ್ದರು. ಅಲ್ಲಿಯೂ ಅವರ ಪ್ರಾಣ ಹಗ್ಗ ಮತ್ತು ಬ್ರೇಕುಗಳ ಮೇಲೆಯೇ ನಿಂತಿರುತ್ತಿತ್ತು.

ಓಟಿಸ್ ಬ್ರೇಕೂ ಹಳೆಯದಾಯಿತು!

ಓಟಿಸ್ ಅವರ ಬ್ರೇಕಿನಲ್ಲೂ ಒಂದು ಕೊರತೆ ಇತ್ತು. ಅದು ಕೆಲಸ ಮಾಡುತ್ತಿದ್ದುದು ಹಗ್ಗ ತುಂಡಾದಾಗ ಮಾತ್ರ. ಹಗ್ಗ ಗಟ್ಟಿಯಾಗಿಯೇ ಇದ್ದು, ಯಂತ್ರ ಕೆಟ್ಟು ಲಿಫ್ಟ್ ವಿಪರೀತ ವೇಗದಲ್ಲಿ ಇಳಿದರೆ? ಸ್ಪ್ರಿಂಗ್ ಬಾಗಿಯೇ ಇರುತ್ತದೆ, ಬ್ರೇಕ್ ಬೀಳುವುದಿಲ್ಲ. ಆದ್ದರಿಂದ ಮುಂದೆ ವೇಗ ನಿಯಂತ್ರಕವನ್ನು ಸೇರಿಸಿದರು. ಲಿಫ್ಟ್ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ವೇಗವಾಗಿ ಇಳಿದರೆ ಈ ನಿಯಂತ್ರಕ ಬ್ರೇಕನ್ನು ಎಳೆಯುತ್ತದೆ. ಆಗ ಉಕ್ಕಿನ ಹಿಡಿಕೆಗಳು ಎರಡೂ ಪಕ್ಕದ ಹಳಿಗಳನ್ನು ಬಿಗಿಯಾಗಿ ಕಚ್ಚುತ್ತವೆ.

ಉಗಿಯ ಜಾಗಕ್ಕೆ ನೀರಿನ ಒತ್ತಡ ಬಂತು. 1880ರಲ್ಲಿ ವೆರ್ನರ್ ಫಾನ್ ಸೀಮೆನ್ಸ್ ಜರ್ಮನಿಯಲ್ಲಿ ವಿದ್ಯುತ್ ಲಿಫ್ಟನ್ನು ತೋರಿಸಿದರು. ನಾರಿನ ಹಗ್ಗ ಹೋಗಿ ಹಲವು ಉಕ್ಕಿನ ಹಗ್ಗಗಳು ಬಂದವು. ಇಂದಿನ ಲಿಫ್ಟಿನಲ್ಲಿ ಒಂದು ಹಗ್ಗ ಹೋದರೂ ಉಳಿದವು ಭಾರವನ್ನು ಹೊರುತ್ತವೆ. ಮೋಟಾರಿನ ಬ್ರೇಕನ್ನು ವಿದ್ಯುತ್ ಬಿಡಿಸಿ ಹಿಡಿದಿರುತ್ತದೆ, ಕರೆಂಟ್ ಹೋದರೆ ಬ್ರೇಕ್ ತಾನಾಗಿ ಬೀಳುತ್ತದೆ. ಸಾಧನ ಬದಲಾಯಿತು, ಆದರೆ ಓಟಿಸ್ ಹಾಕಿಕೊಟ್ಟ ತತ್ವ ಹಾಗೆಯೇ ಉಳಿಯಿತು.

ದುರಸ್ತಿಯೋ, ನವೀಕರಣವೋ?

ನಿಮ್ಮ ಸೈಕಲ್ಲಿನ ಟ್ಯೂಬ್ ಪಂಕ್ಚರ್ ಆದರೆ ಪ್ಯಾಚ್ ಹಾಕಿಸುತ್ತೀರಿ. ಎರಡನೆಯ ಸಲವೂ ಹಾಕಿಸುತ್ತೀರಿ. ಟ್ಯೂಬಿನ ತುಂಬ ಪ್ಯಾಚುಗಳಾದರೆ? ಟ್ಯೂಬನ್ನೇ ಬದಲಿಸುವುದು ಲೇಸು. ಆದರೆ ಟ್ಯೂಬ್ ಹಳೆಯದಾಯಿತೆಂದು ಯಾರೂ ಸೈಕಲ್ಲನ್ನೇ ಎಸೆಯುವುದಿಲ್ಲ.

ಹಳೆಯ ಕಟ್ಟಡಗಳ ಲಿಫ್ಟಿಗೂ ಇದೇ ಪ್ರಶ್ನೆ ಬರುತ್ತದೆ. ಸಾಮಾನ್ಯವಾಗಿ 20–25 ವರ್ಷ ಕಳೆದ ಮೇಲೆ ತಂತ್ರಜ್ಞರು ಅದನ್ನು ಕೂಲಂಕಷವಾಗಿ ಪರಿಶೀಲಿಸುತ್ತಾರೆ. ಅವರು ನೋಡುವ ಮುಖ್ಯ ಅಂಶಗಳು ಇವು:

1. ಲಿಫ್ಟ್ ಎಷ್ಟು ಸಲ ಕೆಡುತ್ತಿದೆ? ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ?
2. ಕೆಟ್ಟ ಭಾಗಕ್ಕೆ ಬದಲಿ ಭಾಗ ಸಿಗುತ್ತದೆಯೇ? ತಯಾರಕರು ಅದನ್ನು ಮಾಡುವುದನ್ನೇ ನಿಲ್ಲಿಸಿದ್ದರೆ ಒಂದು ಸಣ್ಣ ಭಾಗಕ್ಕಾಗಿ ಲಿಫ್ಟ್ ವಾರಗಟ್ಟಲೆ ನಿಲ್ಲಬಹುದು.
3. ಲಿಫ್ಟ್ ಮಹಡಿಯ ನೆಲಕ್ಕೆ ಸರಿಸಮನಾಗಿ ನಿಲ್ಲುತ್ತದೆಯೇ? ಎರಡು ಅಂಗುಲ ಏರುಪೇರಾದರೂ ವಯಸ್ಸಾದವರು ಎಡವಿ ಬೀಳಬಹುದು, ಗಾಲಿಕುರ್ಚಿ ಸಿಕ್ಕಿಕೊಳ್ಳಬಹುದು.
4. ಬಾಗಿಲಿಗೆ ಯಾರಾದರೂ ಅಡ್ಡ ಬಂದರೆ ಅದು ತಾನಾಗಿ ತೆರೆದುಕೊಳ್ಳುತ್ತದೆಯೇ? ಒಳಗೆ ಸಿಕ್ಕಿಕೊಂಡವರು ಹೊರಗಿನವರನ್ನು ಕರೆಯಲು ಸಾಧನವಿದೆಯೇ?
5. ವಿದ್ಯುತ್ ಎಷ್ಟು ಖರ್ಚಾಗುತ್ತಿದೆ?

ಒಂದು ಭಾಗ ಮಾತ್ರ ಸವೆದಿದ್ದು, ಉಳಿದದ್ದೆಲ್ಲ ಚೆನ್ನಾಗಿದ್ದರೆ ದುರಸ್ತಿ ಸಾಕು. ಮೇಲಿನ ಹಲವು ಪ್ರಶ್ನೆಗಳಿಗೆ ಕೆಟ್ಟ ಉತ್ತರ ಬಂದರೆ ನವೀಕರಣದ ಸಮಯ ಬಂದಿದೆ ಎಂದರ್ಥ. ನವೀಕರಣ ಎಂದರೆ ಎಲ್ಲವನ್ನೂ ಕಿತ್ತು ಎಸೆಯುವುದಲ್ಲ. ಗಟ್ಟಿಯಾಗಿರುವ ಹಳಿ, ಚೌಕಟ್ಟುಗಳನ್ನು ಉಳಿಸಿಕೊಂಡು ಮೋಟಾರು, ನಿಯಂತ್ರಣ ಪೆಟ್ಟಿಗೆ, ಬಾಗಿಲಿನ ಸಾಧನಗಳನ್ನು ಹೊಸದಾಗಿ ಹಾಕಬಹುದು. ಐಫೆಲ್ ಗೋಪುರದಲ್ಲಿ 1899ರಲ್ಲಿ ಅಳವಡಿಸಿದ, ನೀರಿನ ಒತ್ತಡದಿಂದ ನಡೆಯುವ ಲಿಫ್ಟ್ ಯಂತ್ರಗಳನ್ನು ಹೀಗೆಯೇ ಉಳಿಸಿಕೊಂಡು ನವೀಕರಿಸಿದ್ದಾರೆ. ನ್ಯೂಯಾರ್ಕಿನಲ್ಲಿ 1931ರಲ್ಲಿ ಆರಂಭವಾದ ಎಂಪೈರ್ ಸ್ಟೇಟ್ ಕಟ್ಟಡದ 68 ಲಿಫ್ಟ್‌ಗಳನ್ನು ನವೀಕರಿಸುವ ಕೆಲಸವನ್ನು 2011ರಲ್ಲಿ ಓಟಿಸ್ ಕಂಪನಿಗೇ ವಹಿಸಲಾಯಿತು.

ಹಣದ ಲೆಕ್ಕವನ್ನೂ ಮಾಡಬೇಕು. ಒಂದು ಹಳೆಯ ಲಿಫ್ಟಿಗೆ ವರ್ಷಕ್ಕೆ ದುರಸ್ತಿ ಮತ್ತು ವಿದ್ಯುತ್ತಿಗೆ ಒಟ್ಟು 1,60,000 ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ನವೀಕರಿಸಿದರೆ ಅದು 60,000 ರೂಪಾಯಿಗೆ ಇಳಿಯುತ್ತದೆ. ನವೀಕರಣಕ್ಕೆ 8,00,000 ರೂಪಾಯಿ ಬೇಕು. ವರ್ಷಕ್ಕೆ ಉಳಿತಾಯ 1,00,000 ರೂಪಾಯಿ. ಹಾಕಿದ ಹಣ ಎಂಟು ವರ್ಷಗಳಲ್ಲಿ ಮರಳಿ ಬರುತ್ತದೆ. ಕಟ್ಟಡ ಇನ್ನೂ ಇಪ್ಪತ್ತು ವರ್ಷ ಬಳಕೆಯಲ್ಲಿರುತ್ತದಾದರೆ ನವೀಕರಣವೇ ಲಾಭ. ಐದು ವರ್ಷದಲ್ಲಿ ಕಟ್ಟಡವನ್ನೇ ಕೆಡವುತ್ತಾರೆ ಎಂದಾದರೆ ದುರಸ್ತಿಯೇ ಸಾಕು.

ಆದರೆ ಒಂದು ಸಂಗತಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ಸುರಕ್ಷತೆ. ಬ್ರೇಕಿನ ಮೇಲೆ ಅನುಮಾನ ಬಂದರೆ, ಹಗ್ಗದ ಎಳೆಗಳು ಕಿತ್ತುಬಂದಿದ್ದರೆ ಲಿಫ್ಟನ್ನು ಆ ಕೂಡಲೇ ನಿಲ್ಲಿಸಬೇಕು. ಹಣ ಕೂಡಿಬರಲಿ, ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ.

ಓಟಿಸ್ ಅವರು ಹಿಟ್ಟಿನ ಗಿರಣಿಯಲ್ಲಿ ಸೋತರು, ಮರದ ಮಿಲ್ಲಿನಲ್ಲಿ ಸೋತರು, ಸ್ವಂತ ಕಾರ್ಯಾಗಾರವನ್ನೂ ಕಳೆದುಕೊಂಡರು. ಆದರೆ ಗಾಡಿ ಕಟ್ಟುವಾಗ ಕಲಿತ ಸ್ಪ್ರಿಂಗಿನ ಗುಣವನ್ನು ಮರೆಯಲಿಲ್ಲ. ಕಲಿತ ಕೆಲಸ ಯಾವುದೂ ವ್ಯರ್ಥವಲ್ಲ. ಇನ್ನು ಮುಂದೆ ಲಿಫ್ಟ್ ಹತ್ತಿದಾಗ ಮೇಲೆಲ್ಲೋ ಕಾಣದಂತೆ ಕಾಯುತ್ತಿರುವ ಬ್ರೇಕನ್ನೂ ಅದನ್ನು ಯೋಚಿಸಿದವರನ್ನೂ ನೆನೆಯಿರಿ.

ಮಾಡಿ ನೋಡಿ

ಬಾಗುವ ಗುಣವುಳ್ಳ 30 ಸೆಂ.ಮೀ. ಪ್ಲಾಸ್ಟಿಕ್ ಅಳತೆಪಟ್ಟಿ ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ಮೆಲ್ಲಗೆ ಬಿಲ್ಲಿನಂತೆ ಬಾಗಿಸಿ. ಈಗ ತುದಿಯಿಂದ ತುದಿಗೆ ಇರುವ ದೂರವನ್ನು ಗೆಳೆಯರಿಂದ ಇನ್ನೊಂದು ಅಳತೆಪಟ್ಟಿಯಲ್ಲಿ ಅಳೆಯಿಸಿ. ನಿಧಾನವಾಗಿ ಸಡಿಲಿಸಿ ಮತ್ತೆ ಅಳೆಯಿಸಿ. ದೂರ ಎಷ್ಟು ಹೆಚ್ಚಾಯಿತು? ಓಟಿಸ್ ಅವರ ಸ್ಪ್ರಿಂಗಿನ ತುದಿಗಳು ಹಲ್ಲುಗಳನ್ನು ಹೇಗೆ ಮುಟ್ಟಿದವು ಎಂಬುದು ಇದರಿಂದ ತಿಳಿಯುತ್ತದೆ.

ಯೋಚಿಸಿ ಉತ್ತರಿಸಿ

1. ಇನ್ನೂ ದಪ್ಪ ಹಗ್ಗ ಕಟ್ಟುವುದು ಸರಿಯಾದ ಪರಿಹಾರವಲ್ಲ ಏಕೆ?
2. ಓಟಿಸ್ ಬ್ರೇಕ್ ಇದ್ದರೂ ವೇಗ ನಿಯಂತ್ರಕ ಏಕೆ ಬೇಕಾಯಿತು?
3. ನಿಮ್ಮ ಶಾಲೆಯ ಕೈಪಂಪು, ಗಡಿಯಾರ, ಬೆಂಚು ಇವುಗಳಲ್ಲಿ ಯಾವುದಕ್ಕೆ ದುರಸ್ತಿ ಸಾಕು, ಯಾವುದನ್ನು ಬದಲಿಸಬೇಕು? ಕಾರಣ ಕೊಟ್ಟು ಪಟ್ಟಿ ಮಾಡಿ.

ಲಿಫ್ಟ್ ಬಳಸುವಾಗ ನೆನಪಿಡಿ

• ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ.
• ಮುಚ್ಚುತ್ತಿರುವ ಬಾಗಿಲಿಗೆ ಕೈ ಕಾಲು ಒಡ್ಡಬೇಡಿ.
• ಬರೆದಿರುವ ಸಂಖ್ಯೆಗಿಂತ ಹೆಚ್ಚು ಜನ ಹತ್ತಬೇಡಿ.
• ನಡುವೆ ನಿಂತರೆ ಬಾಗಿಲನ್ನು ಬಲವಂತವಾಗಿ ತೆರೆಯಬೇಡಿ. ಗಂಟೆಯ ಗುಂಡಿ ಒತ್ತಿ, ಸಹಾಯ ಬರುವವರೆಗೆ ಸಮಾಧಾನದಿಂದ ಕಾಯಿರಿ.